ಕರುವಿನ ಉಸಿರಿನ ಸದ್ದಿನ ವಿಚಾರವಾಗಿ

ಮೈಸೂರು,
ರಾತ್ರಿ

ಚಿ. ಮಗನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕಡಸು ಕಷ್ಟಪಟ್ಟು ಈದದ್ದನ್ನು, ಕರುವಿನ ಮುಂಗಾಲಿಗೆ ಹಗ್ಗ ಕಟ್ಟಿ ಎಳೆಯಬೇಕಾಗಿ ಬಂದದ್ದನ್ನು ನಿಮ್ಮಪ್ಪ ಅಂದೇ ಫೋನಿನಲ್ಲಿ ಹೇಳಿದ್ದಾನೆ. ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ನಿನ್ನ ಪತ್ರದ ಕೊನೆಯಲ್ಲಿ, ನಾಲೆಗೆ ನೀರು ಬಿಟ್ಟ ಸುದ್ದಿಯ ಪಕ್ಕದಲ್ಲಿ, ನೀನು ಹಗುರವಾಗಿ ಬರೆದಿರುವ ಒಂದು ಮಾತು ನನ್ನನ್ನು ನೆಮ್ಮದಿಯಾಗಿ ಕೂರಲು ಬಿಡುತ್ತಿಲ್ಲ. ಮೊದಲ ದಿನ ಕರು ಚೀಪಲಿಲ್ಲವೆಂದು ಗೊಟ್ಟದಲ್ಲಿ, ಅಂದರೆ ಬಾಯಿಗೆ ಸುರಿಯುವ ಕೊಳವೆಯಲ್ಲಿ, ಗಿಣ್ಣುಹಾಲು ಹಾಕಿದಿರಿ, ಈಗ ಮೂರನೆಯ ದಿನ ಉಸಿರಾಡುವಾಗ ಗೊರಗೊರ ಎನ್ನುತ್ತದೆ ಎಂದಿದ್ದೀಯೆ.

ಆ ಸದ್ದು ಮೂಗಿನಲ್ಲಿದೆಯೋ ಎದೆಯಲ್ಲಿದೆಯೋ, ಅದನ್ನು ನೀನು ಬರೆದಿಲ್ಲ. ಮೂಗಿನ ಸಿಂಬಳವಾದರೆ ಒರೆಸಿದರೆ ಹೋಯಿತು. ಕರುವಿನ ಪಕ್ಕೆಗೆ ಕಿವಿಯಿಟ್ಟಾಗಲೂ ಕೇಳಿಸುವುದಾದರೆ ಮಾತು ಬೇರೆ. ಈಯುವಾಗ ದಾರಿಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡ ಕರುವಿಗೆ ನಾಲಿಗೆ ಊದಿರುತ್ತದೆ, ಮೈಯಲ್ಲಿ ತ್ರಾಣವಿರುವುದಿಲ್ಲ, ಚೀಪುವ ಬಯಕೆಯೇ ಮಂಕಾಗಿರುತ್ತದೆ. ಚೀಪಲಾರದ ಕರುವಿಗೆ ನುಂಗುವುದೂ ಸರಿಯಾಗಿ ಬರುವುದಿಲ್ಲ. ತಾನಾಗಿ ಚೀಪಿದ ಹಾಲು ಹೊಟ್ಟೆಗೆ ಸೇರುತ್ತದೆ. ತಲೆಯೆತ್ತಿ ಹಿಡಿದು ಸುರಿದ ಹಾಲಿನಲ್ಲಿ ಒಂದು ಪಾಲು ಶ್ವಾಸಕೋಶಕ್ಕೆ ಇಳಿದುಬಿಡಬಹುದು, ಇಳಿದರೆ ನ್ಯುಮೋನಿಯಾಕ್ಕೆ ತಿರುಗುತ್ತದೆ. ಹಾಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಹುಟ್ಟುವಾಗ ಒಳಗೆ ಹೋದ ನೀರೂ ಕಾರಣವಿರಬಹುದು, ಎಳೆದ ರಭಸಕ್ಕೆ ಪಕ್ಕೆಲುಬಿಗೆ ಪೆಟ್ಟಾಗಿದ್ದರೂ ಉಸಿರು ಕಷ್ಟವಾಗುತ್ತದೆ. ಆದ್ದರಿಂದ ಗೊಟ್ಟ ಹಿಡಿದವರು ನಿಮ್ಮಮ್ಮನೋ ನೀನೋ ಎಂಬ ಚರ್ಚೆಯನ್ನು ಮನೆಯಲ್ಲಿ ಮಾಡಬೇಡ.

ಇನ್ನು ಗೊಟ್ಟವನ್ನು ಮಾತ್ರ ಮುಟ್ಟಬೇಡಿ. ಕೆಚ್ಚಲಿಗೆ ಬಾಯಿ ಹಾಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಕದಿದ್ದರೆ ನಿಪ್ಪಲ್ ಬಾಟಲಿಯಲ್ಲಿ, ಕರು ತಾಯಿಯ ಹತ್ತಿರ ನಿಂತು ಕುಡಿಯುವಾಗ ಕತ್ತು ಎಷ್ಟು ಚಾಚುತ್ತದೆಯೋ ಅಷ್ಟೇ ಎತ್ತರದಲ್ಲಿ ಹಿಡಿದು, ಅದು ಚೀಪಿದಷ್ಟನ್ನು ಮಾತ್ರ ಕೊಡಿ. ನಡುವೆ ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ. ಸ್ವಲ್ಪವೂ ಚೀಪದಿದ್ದರೆ ಡಾಕ್ಟರ ಬಳಿ ಹಾಲನ್ನು ನೇರವಾಗಿ ಹೊಟ್ಟೆಗೆ ಇಳಿಸುವ ನಳಿಕೆ ಇರುತ್ತದೆ. ಅದು ಅವರ ಕೈಯ ಕೆಲಸ, ನಮ್ಮದಲ್ಲ. ನಿನಗೆ ಇಷ್ಟೆಲ್ಲ ಹೇಳಲು ನಾನೇನು ಓದಿದವನಲ್ಲ, ಆದರೂ ಹೇಳದೆ ಇರಲಾರೆ.

ಒಂದು ಮಾತಿಗಂತೂ ನಿನ್ನನ್ನು ಮೆಚ್ಚಿದೆ. ಸತ್ತೆ, ಅಂದರೆ ಈದ ಮೇಲೆ ಹಸುವಿನಿಂದ ಬೀಳುವ ಮಾಸು, ಬೀಳಲೆಂದು ಕಾಯದೆ ಗಿಣ್ಣು ಕೊಟ್ಟಿರಿ. ನಮ್ಮಪ್ಪನ ಕಾಲದಲ್ಲಿ, ಸತ್ತೆ ಬೀಳುವ ಮುಂಚೆ ಕರು ಕುಡಿದರೆ ಹಸುವಿಗೆ ಕೇಡು ಎನ್ನುತ್ತಿದ್ದರು. ಕರು ಚೀಪಿದರೆ ಗರ್ಭಕೋಶ ಬಿಗಿದು ಸತ್ತೆ ಬೇಗ ಬೀಳುತ್ತದೆಂಬುದು ನನಗೂ ಬಹಳ ತಡವಾಗಿ ತಿಳಿದ ಸಂಗತಿ. ರೋಗ ತಡೆಯುವ ಶಕ್ತಿಯನ್ನು ಕರು ತಾಯಿಯ ಹೊಟ್ಟೆಯಲ್ಲಿ ಪಡೆದು ಬರುವುದಿಲ್ಲ, ಗಿಣ್ಣಿನಿಂದಲೇ ಪಡೆಯಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು 24 ಗಂಟೆಯವರೆಗೆ ಮಾತ್ರ, ಅದೂ ಹೊತ್ತು ಕಳೆದಂತೆ ಕುಗ್ಗುತ್ತ ಹೋಗುತ್ತದೆ. ಹಟ್ಟಿಯಲ್ಲಿ ಒಂದು ಹಳ್ಳಿಕಾರ್ ಹಸು ಈದಾಗ ಸಂಜೆಯವರೆಗೂ ಕರುವನ್ನು ಬೇರೆ ಕಟ್ಟಿದ್ದರು. ಸತ್ತೆ ಬಿದ್ದ ಮೇಲೆ ಬಿಟ್ಟರೆ ಅದು ಮೊಲೆಯನ್ನು ಮೂಸಿ ಸುಮ್ಮನಾಯಿತು. ಕರೆದ ಹಾಲು ಒಳಗೆ ಹೋಯಿತು, ಬೆಲ್ಲ ಏಲಕ್ಕಿ ಹಾಕಿ ಆವಿಯಲ್ಲಿ ಬೇಯಿಸಿದ ಗಿಣ್ಣನ್ನು ನಾನೂ ನಿಮ್ಮಪ್ಪನೂ ಪಾತ್ರೆಯ ತಳ ಕೆರೆದು ತಿಂದೆವು. ಕರು ಭೇದಿ ಹತ್ತಿ ಹೋಯಿತು. ಆಮೇಲೆ ಎಷ್ಟೋ ವರ್ಷ ನಾನು ಗಿಣ್ಣು ಮುಟ್ಟಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಹಳೆಯದೆಲ್ಲ ನಿನಗೆ ಬೇಕಿಲ್ಲ. ಸದ್ದಿನ ಮಾತಿಗೆ ಬರುತ್ತೇನೆ. ಕರು ಮಲಗಿ ನೆಮ್ಮದಿಯಾಗಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸು. ಅರವತ್ತು ದಾಟಿದ್ದರೆ, ಅಥವಾ ಥರ್ಮಾಮೀಟರಿನಲ್ಲಿ ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದ್ದರೆ ಒಂದು ಹೊತ್ತೂ ತಡೆಯಬೇಡ. ಕಿವಿ ತಣ್ಣಗಾಗಿ ಕರು ಮಂಕಾಗಿದ್ದರೆ ಜ್ವರವಿಲ್ಲವೆಂದು ಸಮಾಧಾನಪಡಬೇಡ, ಅದು ಇನ್ನೂ ಕೆಟ್ಟದ್ದು. ಒಂದೇ ಮಗ್ಗುಲಿಗೆ ಚೆಲ್ಲಿ ಮಲಗಲು ಬಿಡದೆ, ಎದೆಯ ಮೇಲೆ ಕೂರುವಂತೆ ಎರಡೂ ಬದಿಗೆ ಹುಲ್ಲು ತುಂಬಿದ ಗೋಣಿಚೀಲ ಒತ್ತರಿಸು. ಎರಡು ಕಡೆಯ ಶ್ವಾಸಕೋಶಕ್ಕೂ ಗಾಳಿ ಹೋಗಲಿ. ಗಂಜಲದ ಘಾಟು ಹೊಡೆಯುವ ಮೂಲೆ ಬೇಡ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿದ್ದೀರೆಂದು ನಂಬಿದ್ದೇನೆ. ಅಲ್ಲಿ ಊತವೋ ವಾಸನೆಯೋ ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸು. ಹಿಂದಿನ ಸಲ ಎತ್ತಿಗೆ ತಂದು ಉಳಿದ ಇಂಜೆಕ್ಷನ್ ಇದೆಯೆಂದು ನಿಮ್ಮಪ್ಪ ಹೇಳಬಹುದು. ಅದನ್ನು ಕರುವಿಗೆ ಹಾಕಿಸಬೇಡ.

ಬೆಳಗಾಗುತ್ತಲೇ ನಿಮ್ಮ ಊರಿನ ಪಶು ಆಸ್ಪತ್ರೆಗೆ ಹೇಳು. ಅಲ್ಲಿ ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡು, ಗಾಡಿಯಲ್ಲಿ ಡಾಕ್ಟರು ಮನೆ ಬಾಗಿಲಿಗೇ ಬರುತ್ತಾರೆ. ಬಂದವರಿಗೆ ಗೊಟ್ಟದಲ್ಲಿ ಹಾಕಿದ ವಿಷಯವನ್ನು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡು. ಬೈದರೆ ಬೈಯಲಿ, ಅದು ತಿಳಿಯದೆ ಅವರು ಏನೆಂದು ಔಷಧಿ ಕೊಡುತ್ತಾರೆ?

ಇದನ್ನು ಮೊಮ್ಮಗನ ಕೈಯಲ್ಲಿ ಫೋಟೊ ತೆಗೆಸಿ ಈಗಲೇ ನಿನ್ನ ಮೊಬೈಲಿಗೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಕೊಟ್ಟಿಗೆಗೆ ಹೋಗಿ, ಆ ಸದ್ದು ಮೂಗಿನದೋ ಎದೆಯದೋ ನೋಡಿ ಫೋನ್ ಮಾಡು. ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎಚ್ಚರವಾಗಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ