ಅನುಮತಿ ಸಿಕ್ಕಿತು, ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ: ನಗರ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,

ನಮಸ್ಕಾರ.

ನನ್ನ ನಿವೇಶನದ ಗಿಡಗಂಟಿ ತೆಗೆಸಿ ನೆಲ ಮಟ್ಟ ಮಾಡಿಸಲು ನಿಮ್ಮ ಕಚೇರಿಯಿಂದ ಹೋದ ತಿಂಗಳು ಅನುಮತಿ ಪತ್ರ ಬಂತು. ಸಹಿ ಇದೆ, ಮೊಹರು ಇದೆ, ನಕ್ಷೆಯ ಪ್ರತಿ ಹಾಳೆಯ ಮೇಲೂ ‘ಮಂಜೂರಾಗಿದೆ’ ಅಂತ ಒತ್ತಿದ್ದಾರೆ. ಬೇಕಿದ್ದರೆ ನಾಳೆ ಬೆಳಿಗ್ಗೆಯೇ ಜೆಸಿಬಿ ಕರೆಸಬಹುದು. ನಾನು ಕರೆಸಿಲ್ಲ. ಯಾಕೆ ಕರೆಸಿಲ್ಲ ಅಂತ ಹೇಳಲಿಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ತಡವಾಯಿತು ಅನ್ನೋದು ನನ್ನ ದೂರಲ್ಲ. ಅರ್ಜಿ ಮೂರು ಸಲ ವಾಪಸ್ ಬಂದದ್ದು ನಿಜ. ಮೊದಲ ಸಲ ನಕ್ಷೆ ತೀರಾ ಚಿಕ್ಕದಾಗಿದೆ ಅಂದರು, ದೊಡ್ಡದಾಗಿ ಬರೆಸಿ ಕೊಟ್ಟೆ. ಎರಡನೇ ಸಲ ಒಂದು ಹಾಳೆಯಲ್ಲಿ ಏಳು ಮರ, ಇನ್ನೊಂದರಲ್ಲಿ ಆರು ಅಂತಿತ್ತು. ಮೂರನೇ ಸಲ ಕೊನೇ ಹಾಳೆಯಲ್ಲಿ ಎಂಜಿನಿಯರ್ ಸಹಿ ಬಿಟ್ಟುಹೋಗಿತ್ತು. ಮೂರೂ ನಮ್ಮದೇ ತಪ್ಪು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಮೂರು ಸಲವೂ ತಾಳ್ಮೆಯಿಂದ ತಪ್ಪಿರುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಅವರ ಮೇಲೆ ನನಗೆ ಗೌರವವೇ ಇದೆ.

ನನ್ನನ್ನು ಕಾಡುತ್ತಿರುವುದು ಬೇರೆ ವಿಷಯ. ಅನುಮತಿ ಸಿಕ್ಕ ಮೇಲೆ ಮನೆಯಲ್ಲಿ ಕೂತು ಅರ್ಜಿಯನ್ನು ಮೊದಲಿಂದ ಓದಿದೆ. ನಾಲ್ಕು ಪುಟ. ಅದರಲ್ಲಿ ‘ನೀರು’ ಅನ್ನೋ ಪದ ಒಂದೇ ಕಡೆ ಇದೆ. ಕುಡಿಯುವ ನೀರಿನ ಸಂಪರ್ಕ ಇದೆಯೇ ಅಂತ. ಮಳೆ ನೀರು ಈಗ ನಿಮ್ಮ ಜಾಗದಲ್ಲಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ, ಮಟ್ಟ ಮಾಡಿದ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಎಲ್ಲೂ ಇಲ್ಲ. ಅರ್ಜಿ ಕೊಟ್ಟ ದಿನದಿಂದ ಮಂಜೂರಾದ ದಿನದವರೆಗೆ ಜಾಗ ನೋಡಲೂ ಯಾರೂ ಬರಲಿಲ್ಲ. ನೆಲ ಬದಲಿಸಲು ಕೊಡುವ ಅನುಮತಿ ಇದು. ಆ ನೆಲವನ್ನೇ ಯಾರೂ ನೋಡದಿದ್ದರೆ ಹೇಗೆ ಸರ್?

ಅನುಮತಿ ಬಂದ ನಾಲ್ಕನೇ ದಿನ ಜೋರು ಮಳೆ ಬಂತು. ಏನಾಗುತ್ತೆ ನೋಡೋಣ ಅಂತ ಕೊಡೆ ಹಿಡಿದು ಜಾಗಕ್ಕೆ ಹೋದೆ. ನಮ್ಮದು ಇಳಿಜಾರು ಜಾಗ, ಮೇಲಿನ ಗಡಿಯಿಂದ ಕೆಳಗಿನ ಗಡಿಗೆ ಸುಮಾರು ಎರಡೂವರೆ ಮೀಟರ್ ಇಳಿಯುತ್ತದೆ. ಮೇಲಿನ ನಿವೇಶನಗಳ ನೀರು ಒಂದು ಮೂಲೆಯಿಂದ ಒಳಗೆ ಬರುತ್ತಿತ್ತು. ಮೊಣಕಾಲೆತ್ತರದ ಹುಲ್ಲಿನೊಳಗೆ ಅದಕ್ಕೆ ಓಡಲು ಆಗುತ್ತಿರಲಿಲ್ಲ. ತಡವರಿಸಿಕೊಂಡು, ಹರಡಿಕೊಂಡು, ದೊಡ್ಡ ಮರದ ಬುಡ ಬಳಸಿ, ಎಡಗಡೆಯ ಕೆಳಮೂಲೆಯಲ್ಲಿ ರಸ್ತೆಯ ಚರಂಡಿಗೆ ಇಳಿಯುತ್ತಿತ್ತು. ಇಳಿಯುವಾಗ ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ಇಷ್ಟು ವರ್ಷ ಆ ಜಾಗದ ಪಕ್ಕ ಓಡಾಡಿದ್ದೇನೆ, ಅಲ್ಲಿ ನೀರಿಗೊಂದು ದಾರಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕೊಡೆ ಕೆಳಗೇ ಮಂಜೂರಾದ ನಕ್ಷೆ ಬಿಚ್ಚಿದೆ. ಮೇಲ್ಭಾಗದಲ್ಲಿ ಒಂದು ಮೀಟರಿಗಿಂತ ಜಾಸ್ತಿ ಅಗೆಯಬೇಕು, ಆ ಮಣ್ಣನ್ನು ತಂದು ಕೆಳಭಾಗಕ್ಕೆ ತುಂಬಬೇಕು. ಹಾಗೆ ತುಂಬಿದರೆ ನಾನು ಈಗಷ್ಟೇ ನೋಡಿದ ದಾರಿ ಪೂರ್ತಿ ಮುಚ್ಚುತ್ತದೆ. ತುಂಬಿದ ಮಣ್ಣಿನ ಅಂಚು ಕೆಳಗಿನ ಮನೆಯ ಹಿಂಗೋಡೆಗೆ ಎರಡೇ ಮೀಟರ್ ದೂರದಲ್ಲಿ ಮುಗಿಯುತ್ತದೆ. ಅಷ್ಟೂ ನೀರು ನೇರ ಆ ಗೋಡೆಗೆ ಹೋಗಿ ಬಡಿಯುತ್ತದೆ. ನಾನೇ ದುಡ್ಡು ಕೊಟ್ಟು ಬರೆಸಿದ ನಕ್ಷೆ ಅದು. ನನ್ನ ಎಂಜಿನಿಯರ್ ಸಹಿ ಹಾಕಿದ್ದಾರೆ, ನಿಮ್ಮ ಕಚೇರಿ ಒಪ್ಪಿದೆ. ಮೂರು ಜನರ ಕೈ ದಾಟಿದರೂ ಆ ಗೋಡೆ ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಅದು ನನ್ನ ಗಡಿಯ ಆಚೆ ಇದೆ. ನಕ್ಷೆ ಗಡಿಗೇ ಮುಗಿಯುತ್ತದೆ. ನೀರಿಗೆ ಗಡಿ ಗೊತ್ತಿಲ್ಲ ಅಲ್ವಾ?

ಸುಮ್ನೆ ಹೆದರುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಜಾಗಕ್ಕಿಂತ ಎರಡು ನಿವೇಶನ ಮೇಲೆ, ಹೋದ ವರ್ಷ ಒಂದು ಜಾಗ ಎರಡೇ ರಾತ್ರಿಯಲ್ಲಿ ಬೋಳಾಯಿತು. ಅನುಮತಿಯ ಫಲಕ ಇರಲಿಲ್ಲ, ಕೇಳಿದರೆ ಅರ್ಜಿಯನ್ನೇ ಕೊಟ್ಟಿಲ್ಲ ಅಂತ ಗೊತ್ತಾಯಿತು. ಮುಂದಿನ ಮಳೆಗೆ ಬೀದಿಯಲ್ಲಿ ಹರಿದದ್ದು ನೀರಲ್ಲ, ಗಂಜಿಯ ಹಾಗೆ ಗಟ್ಟಿಯಾದ ಕೆಸರು. ಚರಂಡಿ ತುಂಬಿ ಉಕ್ಕಿತು. ಪೌರಕಾರ್ಮಿಕರು ಗುದ್ದಲಿ, ಬಾಂಡ್ಲಿ ಹಿಡಿದು ಮೂರು ದಿನ ಹೂಳು ಎತ್ತಿದರು. ಆ ಕೂಲಿ ನಗರದ ಖಜಾನೆಯಿಂದ ಹೋಯಿತು, ಅಂದರೆ ಎಲ್ಲರ ತೆರಿಗೆಯಿಂದ.

ಆ ಜಾಗದಲ್ಲಿ ಒಂದು ಮರ ಉಳಿಸಿದ್ದರು. ಉಳಿಸಿದ್ದರು ಅನ್ನೋದು ಮಾತಿಗೆ ಅಷ್ಟೇ. ಈಗ ಹೋಗಿ ನೋಡಿದರೆ ಅದರ ಕಾಂಡ ವಿದ್ಯುತ್ ಕಂಬ ನೆಟ್ಟ ಹಾಗೆ ನೆಟ್ಟಗೆ ಮಣ್ಣಿಗೆ ಇಳಿದಿದೆ. ತೆಂಗು, ಅಡಿಕೆಯಂಥವು ಬಿಟ್ಟರೆ ದೊಡ್ಡ ಮರದ ಬುಡ ಸಾಮಾನ್ಯವಾಗಿ ಹಾಗಿರುವುದಿಲ್ಲ. ನೆಲ ಮುಟ್ಟುವ ಕಡೆ ಅಗಲವಾಗಿ, ಬೇರಿನ ಕಡೆಗೆ ಹರಡಿಕೊಂಡಿರುತ್ತದೆ. ಅಗಲ ಕಾಣದಿದ್ದರೆ ಬುಡವನ್ನು ಮಣ್ಣಿನಲ್ಲಿ ಹೂತಿದ್ದಾರೆ ಅಂತ ಅರ್ಥ. ಮರಕ್ಕೆ ನೀರು, ಆಹಾರ ಎಳೆದು ಕೊಡುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ. ಅದರ ಮೇಲೆ ಎರಡು ಅಡಿ ಮಣ್ಣು ಹೇರಿದರೆ ಬೇರಿಗೆ ಉಸಿರು ಸಿಗುವುದಿಲ್ಲ. ಮರ ಅವತ್ತೇ ಸಾಯುವುದಿಲ್ಲ. ತುದಿಯಿಂದ ಒಣಗುತ್ತಾ ವರ್ಷಗಟ್ಟಲೆ ಸಾಯುತ್ತದೆ. ಅಷ್ಟರಲ್ಲಿ ಕಡತ ಮುಚ್ಚಿರುತ್ತದೆ, ದಾಖಲೆಯಲ್ಲಿ ಅದು ‘ಉಳಿಸಿದ ಮರ’ವಾಗಿಯೇ ಇರುತ್ತದೆ. ನನ್ನ ಅರ್ಜಿಯಲ್ಲೂ ಆರೋ ಏಳೋ ಅಂತ ಎಣಿಸಿದ್ದಾಯಿತು, ಬುಡದ ಸುತ್ತ ಎಷ್ಟು ಜಾಗ ಮುಟ್ಟದೆ ಬಿಡುತ್ತೀರಿ ಅಂತ ಕೇಳಲಿಲ್ಲ.

ಜೋರು ಮಳೆಯ ದೊಡ್ಡ ಹನಿ ನೆಲಕ್ಕೆ ಬೀಳುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಹುಲ್ಲು, ಎಲೆ, ಕಸಕಡ್ಡಿ ಇದ್ದರೆ ಆ ಪೆಟ್ಟನ್ನು ಅವು ತಿನ್ನುತ್ತವೆ. ಬೋಳು ನೆಲದ ಮೇಲೆ ಒಂದೊಂದು ಹನಿಯೂ ಮಣ್ಣನ್ನು ಒಡೆದು ಸಿಡಿಸುತ್ತದೆ. ಒಡೆದ ನುಣುಪು ಮಣ್ಣು ನೆಲದ ರಂಧ್ರ ಮುಚ್ಚುತ್ತದೆ, ನೀರು ಇಂಗುವುದಿಲ್ಲ, ಮೇಲೇ ಓಡುತ್ತದೆ, ಓಡುವಾಗ ಇನ್ನಷ್ಟು ಮಣ್ಣು ಹೊತ್ತೊಯ್ಯುತ್ತದೆ. ಇಳಿಜಾರು ಕಡಿದಾದಷ್ಟೂ ಉದ್ದವಾದಷ್ಟೂ ಇದು ಜಾಸ್ತಿ. ಹೀಗೆ ಹೋಗುವುದು ಮೊದಲು ಮೇಲ್ಮಣ್ಣು. ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟಲು ಸಾವಿರ ವರ್ಷದವರೆಗೂ ಬೇಕಾಗಬಹುದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಅದು ಒಂದು ಸಂಜೆಯ ಮಳೆಗೆ ಚರಂಡಿ ಸೇರುತ್ತದೆ. ಮಳೆಯನ್ನಂತೂ ನಾವು ಬದಲಿಸಲಾರೆವು. ಹೊದಿಕೆಯನ್ನು ಯಾವಾಗ ತೆಗೆಯುತ್ತೇವೆ, ಎಷ್ಟು ತೆಗೆಯುತ್ತೇವೆ, ಎಷ್ಟು ದಿನ ಬೋಳಾಗಿ ಬಿಡುತ್ತೇವೆ ಅನ್ನೋದು ನಮ್ಮ ಕೈಯಲ್ಲಿದೆ. ಅನುಮತಿ ಅನ್ನುವ ವ್ಯವಸ್ಥೆ ಇರುವುದೇ ಅದಕ್ಕೆ ಅಂತ ನಾನು ತಿಳಿದಿದ್ದೇನೆ.

ನಿಯಮದಿಂದ ಏನೂ ಪ್ರಯೋಜನವಿಲ್ಲ ಅನ್ನುವವರೂ ಇದ್ದಾರೆ. ಅವರಿಗೆ ಲಾಸ್ ಏಂಜಲೀಸ್ ನಗರದ ಲೆಕ್ಕ ತೋರಿಸಬೇಕು. ಅಲ್ಲಿ ಗುಡ್ಡದ ಮೇಲೆ ಮನಸ್ಸಿಗೆ ಬಂದ ಹಾಗೆ ನೆಲ ಕಡಿದು, ತುಂಬಿ ಮನೆ ಕಟ್ಟುತ್ತಿದ್ದರು. 1952ರ ಆರಂಭದ ಮಳೆಯಲ್ಲಿ ಗುಡ್ಡ ಕುಸಿದು ದೊಡ್ಡ ನಷ್ಟವಾಯಿತು. ಅದೇ ವರ್ಷ ನಗರ ನೆಲ ಮಟ್ಟ ಮಾಡುವುದಕ್ಕೆ ಮೊದಲ ಬಾರಿ ನಿಯಮ ತಂದಿತು, 1963ರಲ್ಲಿ ಅದನ್ನು ಬಿಗಿ ಮಾಡಿತು. 1969ರಲ್ಲಿ ಮತ್ತೆ ಭಾರಿ ಮಳೆ ಬಂದಾಗ ಲೆಕ್ಕ ಹಾಕಿದರು. ನಿಯಮಕ್ಕಿಂತ ಮುಂಚಿನ ಸುಮಾರು 10,000 ನಿವೇಶನಗಳಲ್ಲಿ 1,040ಕ್ಕೆ ಹಾನಿಯಾಗಿತ್ತು. ಮೊದಲ ನಿಯಮದ ಕಾಲದ ಸುಮಾರು 27,000 ನಿವೇಶನಗಳಲ್ಲಿ 350ಕ್ಕೆ. ಬಿಗಿ ನಿಯಮ ಬಂದ ಮೇಲಿನ ಸುಮಾರು 11,000 ನಿವೇಶನಗಳಲ್ಲಿ ಬರೀ 17ಕ್ಕೆ. ಅದೇ ನಗರ, ಅದೇ ಗುಡ್ಡಗಳು, ಅದೇ ಮಳೆ. ಈ 17 ಅನ್ನೋ ಅಂಕಿ ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಸರಿಯಾದ ಪ್ರಶ್ನೆ ಕೇಳುವ ಕಚೇರಿ ಮನೆ ಉಳಿಸಬಲ್ಲದು.

ಹಾಗಾಗಿ ನಿಮ್ಮಲ್ಲಿ ಕೆಲವು ವಿನಂತಿ.

ಅರ್ಜಿಯ ಮೊದಲ ಪುಟಕ್ಕೇ ನೀರಿನ ಪ್ರಶ್ನೆ ತನ್ನಿ. ಈಗಿನ ದಾರಿ ಒಂದು ಬಣ್ಣದ ಬಾಣದಲ್ಲಿ, ಮುಂದಿನ ದಾರಿ ಇನ್ನೊಂದು ಬಣ್ಣದಲ್ಲಿ ತೋರಿಸಲಿ. ನಕ್ಷೆ ಗಡಿಗೆ ನಿಲ್ಲದೆ ನಾಲ್ಕೂ ಕಡೆ ಹತ್ತು ಮೀಟರ್ ಆಚೆಗೆ ಏನಿದೆ ಅಂತಲೂ ತೋರಿಸಲಿ. ಇಷ್ಟಿದ್ದಿದ್ದರೆ ಆ ಹಿಂಗೋಡೆ ಮೊದಲ ದಿನವೇ ನಮ್ಮ ಎಂಜಿನಿಯರ್ ಕಣ್ಣಿಗೆ ಬೀಳುತ್ತಿತ್ತು.

ಯಂತ್ರ ಬರುವ ಮುಂಚೆ ಒಂದು ಸಲ ಯಾರಾದರೂ ಜಾಗಕ್ಕೆ ಬರಲಿ. ಅರ್ಧ ಗಂಟೆ ಸಾಕು. ಯಾವ ಮರ ಉಳಿಯಬೇಕೋ ಅದರ ಸುತ್ತ ಬೇಲಿ ಹಾಕಿದ್ದಾರಾ, ಕೆಳಗಿನ ಅಂಚಿನಲ್ಲಿ ಹೂಳು ತಡೆಯುವ ಬಟ್ಟೆ ಬೇಲಿ ಇದೆಯಾ ಅಂತ ನೋಡಲಿ. ಆ ಬಟ್ಟೆಯ ಕೆಳ ಅಂಚನ್ನು ಗೇಣಗಲದ ಕಾಲುವೆ ತೋಡಿ ಮಣ್ಣಿನಲ್ಲಿ ಹೂತಿರಬೇಕು. ಸುಮ್ನೆ ಗೂಟಕ್ಕೆ ಕಟ್ಟಿ ಇಳಿಬಿಟ್ಟರೆ ನೀರು ಅಡಿಯಿಂದ ನುಸುಳಿ ಹೋಗುತ್ತದೆ, ಬೇಲಿ ಫೋಟೋಗೆ ಮಾತ್ರ. ಇದನ್ನು ಫೋಟೋದಲ್ಲಿ ಪತ್ತೆ ಮಾಡಲು ಆಗಲ್ಲ, ಬಗ್ಗಿ ನೋಡಬೇಕು.

ಮಣ್ಣು ತುಂಬುವಾಗ ಇನ್ನೊಂದು ಸಲ ಬರಲಿ. ಈ ಭೇಟಿ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಅಗೆದ ಮಣ್ಣು ಉಬ್ಬುತ್ತದೆ, ಕಾಲು ಭಾಗ ಜಾಸ್ತಿಯಾಗುವುದು ಸಾಮಾನ್ಯ. ಆ ಸಡಿಲ ಮಣ್ಣನ್ನು ಟಿಪ್ಪರ್‌ನಿಂದ ಒಂದೇ ಸಲ ಸುರಿದು ಮೇಲೆ ಮಟ್ಟ ಮಾಡಿದರೆ ನೋಡಲು ಚೆಂದ. ಒಳಗೆ ಪೊಳ್ಳು. ಹದಿನೈದು ಇಪ್ಪತ್ತು ಸೆಂಟಿಮೀಟರ್ ಪದರ ಹರಡಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ ಹಾಕಬೇಕು. ಕೆಲಸ ಮುಗಿದ ಮೇಲೆ ಬಂದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೇಲಿನ ಆ ಜಾಗದ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಈಗ ನನ್ನ ನಾಲ್ಕು ಬೆರಳು ಹೋಗುತ್ತವೆ.

ತೆಗೆದ ಮೇಲ್ಮಣ್ಣನ್ನು ಜಾಗದಲ್ಲೇ ಬೇರೆ ಗುಡ್ಡೆ ಹಾಕಿ, ಹೊದಿಸಿಟ್ಟು, ಕೊನೆಗೆ ಮೇಲೆ ಹರಡಬೇಕು ಅನ್ನುವ ಷರತ್ತು ಹಾಕಿ. ಮಳೆಗಾಲದಲ್ಲಿ ಇಡೀ ಜಾಗ ಒಟ್ಟಿಗೆ ಬೋಳು ಮಾಡಲು ಬಿಡಬೇಡಿ. ಕಟ್ಟುವಷ್ಟು ಭಾಗ ಮಾತ್ರ ತೆರವಾಗಲಿ, ಉಳಿದದ್ದು ಹಸಿರಾಗಿಯೇ ಇರಲಿ.

ಇನ್ನು ಅರ್ಜಿ ಕೊಡದೆ ಕೆಲಸ ಮಾಡುವವರ ವಿಷಯ. ನಿಯಮ ಹೆಚ್ಚಿಸಿದರೆ ಅರ್ಜಿ ಕೊಡುವವರಿಗೇ ಹೊರೆ, ಕೊಡದವರು ಆರಾಮ ಅನ್ನುವ ಮಾತು ನನ್ನ ಕಿವಿಗೂ ಬಿದ್ದಿದೆ. ಅದರಲ್ಲಿ ಸತ್ಯ ಇದೆ. ಅದಕ್ಕೇ ಕೇಳುತ್ತಿದ್ದೇನೆ, ಚಿಕ್ಕ ಜಾಗದವರಿಗೆ ದಾರಿ ಸುಲಭ ಮಾಡಿ. ಏನೇನು ಬೇಕು ಅಂತ ಒಂದೇ ಹಾಳೆಯಲ್ಲಿ ಬರೆದು ಕೌಂಟರಿನಲ್ಲಿಡಿ. ಮರದ ಸಂಖ್ಯೆ ತಪ್ಪಿದ್ದರೆ, ಸಹಿ ಬಿಟ್ಟುಹೋಗಿದ್ದರೆ ಎಲ್ಲ ಒಂದೇ ಸಲ ಹೇಳಿ. ಉಳಿಯುವ ಸಮಯ ಜಾಗ ನೋಡಲು ಬರುವುದಕ್ಕೆ ಸಾಕಾಗುತ್ತದೆ. ಅನುಮತಿ ಪಡೆದ ಪ್ರತಿ ಜಾಗದ ಮುಂದೆ ದೊಡ್ಡ ಅಕ್ಷರದ ಫಲಕ ಇರಲಿ. ಆಗ ಫಲಕ ಇಲ್ಲದ ಕಡೆ ಯಂತ್ರ ಓಡಿದರೆ ಅಕ್ಕಪಕ್ಕದವರೇ ನಿಮಗೆ ಫೋನ್ ಮಾಡುತ್ತಾರೆ. ಆ ಫೋನ್ ರಾತ್ರಿ ಬಂದರೂ ಎತ್ತುವವರು ಇರಬೇಕು, ಅಷ್ಟೇ.

ನನ್ನ ಎಂಜಿನಿಯರ್ ಜೊತೆ ಮತ್ತೆ ಕೂತು ಬೇರೆ ನಕ್ಷೆ ಮಾಡಿಸಿದ್ದೇನೆ. ಇಡೀ ಜಾಗ ಒಂದೇ ಮಟ್ಟ ಬೇಡ, ಎರಡು ಮೆಟ್ಟಿಲಿನಂತೆ ಇರಲಿ ಅಂದೆ. ಅಗೆಯುವ ಮಣ್ಣು ಅರ್ಧಕ್ಕರ್ಧ ಕಡಿಮೆಯಾಯಿತು. ಎಡಗಡೆ ನೀರಿನ ಹಳೆಯ ದಾರಿ ಹಾಗೇ ಉಳಿಯುತ್ತದೆ, ದೊಡ್ಡ ಮರದ ಬುಡಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಕೆಳಗಿನ ಮನೆಯವರನ್ನು ಕರೆದು ಅವರ ಹಿಂಗೋಡೆಯ ಹತ್ತಿರವೇ ನಿಂತು ತೋರಿಸಿದೆ. ಅವರು ಸ್ವಲ್ಪ ಹೊತ್ತು ನಕ್ಷೆ ನೋಡಿ, ಹಳೇ ನಕ್ಷೆಯನ್ನೂ ಒಂದು ಸಲ ತೋರಿಸಿ ಅಂದರು. ತೋರಿಸಿದೆ. ಅವರು ಏನೂ ಮಾತಾಡಲಿಲ್ಲ.

ಹೊಸ ನಕ್ಷೆ ತೆಗೆದುಕೊಂಡು ಮೊನ್ನೆ ನಿಮ್ಮ ಕಚೇರಿಗೆ ಬಂದಿದ್ದೆ. ಮಂಜೂರಾದ ನಕ್ಷೆಯನ್ನು ಮಾಲೀಕರೇ ಬದಲಿಸಿಕೊಡಿ ಅಂತ ಕೇಳಿದರೆ ಅದಕ್ಕೆ ಫಾರಂ ಇಲ್ಲ, ಮೇಲಿನವರನ್ನು ಕೇಳಬೇಕು ಅಂದರು. ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ಆ ಫಾರಂ ಮಾಡಿಸಿಕೊಡಿ. ಸಾಧ್ಯವಾದರೆ ಮಳೆ ಬರುವ ದಿನ ಒಮ್ಮೆ ಜಾಗಕ್ಕೆ ಬನ್ನಿ. ನೀರು ಒಳಗೆ ಬರುವ ಕಡೆ, ಹೊರಗೆ ಹೋಗುವ ಕಡೆ ಗೂಟ ನೆಟ್ಟು ಬಟ್ಟೆ ಕಟ್ಟಿದ್ದೇನೆ. ನೀವು ಬಂದು ನೋಡುವವರೆಗೆ ಯಂತ್ರ ಕರೆಸುವುದಿಲ್ಲ.

ಇಂತಿ ವಿಶ್ವಾಸಪೂರ್ವಕ,
ಒಬ್ಬ ನಿವೇಶನದಾರ