ಕೆಲಸ ಸಿಕ್ಕಿತು, ನೆನೆಯಬೇಕಾದವರು ಬಹಳ ಮಂದಿ

ಹೊಸ ಕೆಲಸಕ್ಕೆ ಸೇರಿದೆ. ಕಾರಟಗಿಯಿಂದ, ಕೊಪ್ಪಳದಿಂದ, ಬೆಂಗಳೂರಿನಿಂದ "ಏನಾತು?" ಅಂತ ಕೇಳುತ್ತಿದ್ದವರು ಬಹಳ. ಒಬ್ಬೊಬ್ಬರಿಗೇ ಉತ್ತರಿಸಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಹೇಳಬೇಕಾದವರಲ್ಲಿ ನನ್ನನ್ನು ಕೆಲಸದಿಂದ ತೆಗೆದ ಫಾರಿನ್ ಸಾಫ್ಟ್‌ವೇರ್ ಕಂಪನಿಯ ಮಂದಿಯೂ ಇದ್ದಾರೆ. ಕಂಪನಿಯ ಹೆಸರು ಬೇಡ ಬಿಡಿ.

ಫಾರಿನ್ ಕಂಪನಿ ಅಂದರೆ ನಮ್ಮೂರಲ್ಲಿ ಎಸಿ, ಕ್ಯಾಬು, ಪುಕ್ಕಟೆ ಊಟ. ಅವೆಲ್ಲ ಇದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಅಷ್ಟು ದೊಡ್ಡ ಕಂಪನಿಯಲ್ಲಿ ನನ್ನ ಪಾಲಿನ ಕೆಲಸ ಒಂದು ಚೂರು: ಗಿರಾಕಿಗಳಿಗೆ ಹೋಗುವ ತಿಂಗಳ ಬಿಲ್ಲಿನಲ್ಲಿ ತೆರಿಗೆ ಲೆಕ್ಕ ಹಾಕುವ ಭಾಗ. ಅದರಲ್ಲಿ ಒಂದು ಸಾಲು ಕೋಡ್ ಬದಲಿಸಬೇಕಾದರೂ ಯಾಕೆ ಅಂತ ಮೊದಲು ಬರೆಯಬೇಕು, ಬೇರೆಯವರು ಓದಿ ಒಪ್ಪಬೇಕು. ಆಮೇಲೆ ನೂರಕ್ಕೆ ಒಬ್ಬ ಗಿರಾಕಿಗೆ ಬಿಟ್ಟು ನೋಡಿ, ಏನೂ ಕೆಡದಿದ್ದರೆ ಉಳಿದವರಿಗೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಕೋಡಿಗಿಂತ ಆ "ಯಾಕೆ" ಬರೆಯುವುದೇ ಕಷ್ಟವಾಗಿತ್ತು. ಹೈದರಾಬಾದ್ ಆಫೀಸಿನ ಒಬ್ಬ ಹಿರಿಯ ಮೇಡಂ ನನ್ನ ಬರಹದ ಪಕ್ಕ ಪಕ್ಕದಲ್ಲೇ ಪ್ರಶ್ನೆ ಹಾಕುತ್ತಿದ್ದರು: "ಇದು ನಡೆಯದಿದ್ದರೆ ಹಿಂದಕ್ಕೆ ಹೋಗುವುದು ಹೇಗೆ?" ತಿದ್ದಿ ಕೊಟ್ಟಿದ್ದರೆ ಅವರಿಗೆ ಹತ್ತು ನಿಮಿಷದ ಕೆಲಸ. ತಿದ್ದಲಿಲ್ಲ, ಕೇಳುತ್ತಲೇ ಹೋದರು. ಮೇಡಂ, ಈ ಸಲದ ಇಂಟರ್‌ವ್ಯೂಗಳಲ್ಲಿ ನನ್ನನ್ನು ಕಾಪಾಡಿದ್ದು ಆ ಪ್ರಶ್ನೆಯೇ.

ಕ್ಯಾಲಿಫೋರ್ನಿಯಾದವರ ಜೊತೆ ಮೀಟಿಂಗು ರಾತ್ರಿ ಒಂಬತ್ತೂವರೆಗೆ, ಆಗ ಅಲ್ಲಿ ಬೆಳಿಗ್ಗೆ ಒಂಬತ್ತು. ಚಳಿಗಾಲಕ್ಕೆ ಅಂತ ನವೆಂಬರಿನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟ ಕೂಡಲೇ ನಮಗೆ ಹತ್ತೂವರೆ ಆಗುತ್ತಿತ್ತು. ಎದ್ದು ಕೂತು ಊಟಕ್ಕೆ ಕಾದವಳು ನನ್ನ ಹೆಂಡತಿ. ಅವಳಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಸಿಕೊಳ್ಳುತ್ತೇನೆ, ಆದರೂ ಇರಲಿ.

ಇದಕ್ಕಿಂತ ಬಿರುಸು ಆನ್‌ಕಾಲ್ ವಾರ. ಏನೋ ಕೆಟ್ಟಿದೆ ಅಂತ ಸರದಿ ಬಂದವನ ಫೋನು ಯಾವ ಹೊತ್ತಿಗೆ ಹೊಡೆದುಕೊಂಡರೂ ಕೆಲವೇ ನಿಮಿಷದಲ್ಲಿ ಲ್ಯಾಪ್‌ಟಾಪ್ ತೆಗೆಯಬೇಕು. ಒಂದು ವರ್ಷ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ನನ್ನದೇ ಸರದಿ. ದಾಸೋಹದ ಸಾಲಿನಲ್ಲಿ ಕೂತಿದ್ದೇನೆ, ಎಲೆಗೆ ರೊಟ್ಟಿ ಬಿದ್ದಿದೆ, ಪಲ್ಯದ ಬುಟ್ಟಿ ಇನ್ನೂ ನಾಲ್ಕು ಮಂದಿಯ ಆಚೆ ಇದೆ, ಫೋನು ಕೂಗಿತು. ಲಕ್ಷಾಂತರ ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬ್ಯಾಗು ಹೆಗಲಿಗೆ ಹಾಕಿ ರಸ್ತೆಗೆ ಓಡಿದೆ. ಅಲ್ಲೊಂದು ಜೆರಾಕ್ಸ್ ಅಂಗಡಿ. ಮಾಲೀಕರು ಅರ್ಧ ಶಟರ್ ಇಳಿಸಿ ತಾವೂ ಜಾತ್ರೆಗೆ ಹೊರಟಿದ್ದರು. ಸಂಗತಿ ಹೇಳಿದೆ. "ಬರ್ರಿ ಒಳಗ" ಅಂದು ಶಟರ್ ಎತ್ತಿ, ವೈಫೈ ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟು, ಸ್ಟೂಲ್ ಎಳೆದು ಕೂರಿಸಿದರು. ಹೊಸದಾಗಿ ಬಿಟ್ಟಿದ್ದ ಬದಲಾವಣೆಯನ್ನು ವಾಪಸ್ ಎಳೆದು, ಬಿಲ್‌ಗಳು ಸರಿಯಾಗಿ ಹೋಗುತ್ತಿವೆ ಅಂತ ಖಾತ್ರಿ ಮಾಡಿಕೊಂಡು ಏಳುವ ಹೊತ್ತಿಗೆ ತೇರು ಎಳೆಯುವುದು ಮುಗಿದಿತ್ತು. ಅವರ ತೇರೂ ತಪ್ಪಿತು. ದುಡ್ಡು ಕೊಡಲು ಹೋದರೆ "ನಿಮ್ಮ ಕಂಪನಿ ಉಳೀತಿಲ್ರಿ?" ಅಂತ ನಕ್ಕರು. ಅಣ್ಣಾವ್ರೇ, ಉಳಿಯಿತು. ನಾನೇ ಉಳಿಯಲಿಲ್ಲ.

2023ರ ಜನವರಿಯಲ್ಲಿ ಒಂದೇ ವಾರದೊಳಗೆ ಮೈಕ್ರೋಸಾಫ್ಟ್ 10,000, ಗೂಗಲ್ 12,000 ಮಂದಿಯನ್ನು ತೆಗೆಯುವುದಾಗಿ ಹೇಳಿದವು. ನಾನಿದ್ದದ್ದು ಅವೆರಡರಲ್ಲೂ ಅಲ್ಲ, ಆದರೆ ಆಮೇಲಿನ ಒಂದು ಸರದಿಯಲ್ಲಿ ನಮ್ಮ ಟೀಮಿಗೂ ಮೇಲ್ ಬಂತು. ಬೆಳಿಗ್ಗೆ ಏಳುವಷ್ಟರಲ್ಲಿ ಲಾಗಿನ್ ಬಂದ್. ಜೊತೆಯಲ್ಲಿ ಕೆಲಸ ಮಾಡಿದವರಿಗೆ ಹೋಗಿಬರುತ್ತೇನೆ ಅನ್ನಲೂ ದಾರಿ ಇರಲಿಲ್ಲ. ಇದನ್ನು ಈಗಲೂ ಒಪ್ಪಲು ಆಗಿಲ್ಲ. ತೆಗೆಯುವುದು ವ್ಯಾಪಾರ ಇರಬಹುದು, ಬಾಗಿಲು ಹಾಗೆ ಹಾಕುವುದಕ್ಕೆ ಏನು ಹೆಸರು?

ಅಪ್ಪ ಕೇಳಿದ್ದು ಒಂದೇ ಮಾತು: "ಅಷ್ಟು ದೊಡ್ಡ ಕಂಪನಿಗೆ ನಿನ್ನೊಬ್ಬನ ಪಗಾರ ಭಾರ ಆತೇನೋ ತಮ್ಮಾ?"

ಷೇರು ಕೊಟ್ಟಿದ್ದಾರಲ್ಲ, ಮತ್ತೇನು ಚಿಂತೆ ಅಂದವರೂ ಇದ್ದರು. ಆ ಷೇರು ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುವಂಥದ್ದು. ಬಂದಾಗ ಮಾರದಿದ್ದರೂ ಸಂಬಳದ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕು, ಬರಬೇಕಾದದ್ದು ಕೆಲಸದ ಜೊತೆಗೇ ಹೋಗುತ್ತದೆ. ಅದು ಹೋದದ್ದಕ್ಕೆ ನಿದ್ದೆಗೆಡಲಿಲ್ಲ. ನಿದ್ದೆ ಕೆಡಿಸಿದ್ದು ವಿಮೆ. ಅಪ್ಪನಿಗೆ ಹಿಂದಿನ ವರ್ಷವಷ್ಟೇ ಸ್ಟೆಂಟ್ ಹಾಕಿದ್ದರು, ಕಂಪನಿಯ ಗುಂಪು ವಿಮೆಯಲ್ಲಿ. ನಮ್ಮ ಕೈಯಿಂದ ಹೆಚ್ಚೇನೂ ಹೋಗಿರಲಿಲ್ಲ. ಕೆಲಸದ ಕೊನೆಯ ದಿನಕ್ಕೆ ಆ ವಿಮೆಯೂ ಕೊನೆ. ಹೃದಯದ ತೊಂದರೆ ಇರುವ ಮುದುಕನಿಗೆ ಹೊಸ ಪಾಲಿಸಿ ಯಾರು ಕೊಡುತ್ತಾರೆ?

ಆಗ ಫೋನ್ ಮಾಡಿದವನು ಎಚ್‌ಆರ್ ವಿಭಾಗದ ಹುಡುಗ. ಅವನ ಕೆಲಸವೂ ಅದೇ ಪಟ್ಟಿಯಲ್ಲಿ ಹೋಗಿತ್ತು. ಗುಂಪು ವಿಮೆಯಿಂದ ಹೊರಬೀಳುವವರು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ವರ್ಗ ಆಗಬಹುದು, ಮೊದಲೇ ಇರುವ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾಗುತ್ತದಲ್ಲ, ಗುಂಪು ವಿಮೆಯಲ್ಲಿ ಕಳೆದ ಅವಧಿ ಅದಕ್ಕೆ ಲೆಕ್ಕಕ್ಕೆ ಬರುತ್ತದೆ, ಆದರೆ ವಿಮೆ ಮುಗಿಯುವ ಮೊದಲೇ ಅರ್ಜಿ ಹೋಗಬೇಕು ಅಂತ ಹೇಳಿದ. ಅರ್ಜಿ ನಮೂನೆ ಕಳಿಸಿ, ಡಿಸ್ಚಾರ್ಜ್ ಸಮ್ಮರಿ ಸೇರಿಸಿದೆಯಾ ಅಂತ ಮತ್ತೆ ಫೋನ್ ಮಾಡಿ ಕೇಳಿದ. ಕಂತು ಜೋರೇ ಬಂತು, ಆದರೆ ಪಾಲಿಸಿ ಸಿಕ್ಕಿತು. ಇಡೀ ಪಟ್ಟಿಯಲ್ಲಿ ಯಾರನ್ನು ಮೊದಲು ನೆನೆಯುತ್ತೀ ಅಂದರೆ ಈ ಹುಡುಗನನ್ನೇ.

ಹಳೆ ಟೀಮಿನವರು ವಾಟ್ಸ್‌ಆಪ್ ಗುಂಪು ಮಾಡಿ, ಎಲ್ಲೆಲ್ಲಿ ಕೆಲಸ ಖಾಲಿ ಇದೆ ಅಂತ ಹಾಕುತ್ತಾ ಹೋದರು. ಉಳಿದುಕೊಂಡವರು ಸಂಕೋಚಪಡದೆ ರೆಫರ್ ಮಾಡಿದರು. ರಾಯಚೂರಿನಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯ ರಾತ್ರಿ ಹೊತ್ತು ಅಭ್ಯಾಸಕ್ಕೆ ಅಂತ ಸುಳ್ಳು ಇಂಟರ್‌ವ್ಯೂ ಮಾಡಿ ಬೆವರಿಳಿಸಿದ. ಕಾರಟಗಿಯ ರೈಸ್‌ಮಿಲ್ಲಿನ ಕಾಕಾ ಅಪ್ಪನ ಭತ್ತದ ರೊಕ್ಕ ವಾಯಿದೆಗೆ ಮೊದಲೇ ಕೊಟ್ಟು ಕಳಿಸಿದರು. ಯಾರು ಹೇಳಿದ್ದರೋ ಗೊತ್ತಿಲ್ಲ, ನಾನಂತೂ ಕೇಳಿರಲಿಲ್ಲ.

ಸೇರಿದ್ದು ಮತ್ತೊಂದು ದೊಡ್ಡ ಕಂಪನಿಯನ್ನೇ. ಬುದ್ಧಿ ಬರಲಿಲ್ಲೇನು ಅಂತ ಕೇಳಿದವರಿಗೆ: ಕೆಲಸ ಕಲಿಸುವವರು ಅಲ್ಲಿ ಈಗಲೂ ಸಿಗುತ್ತಾರೆ, ಪಗಾರ ಒಂದನೇ ತಾರೀಖಿಗೆ ಬರುತ್ತದೆ. ಇಲ್ಲೂ ಅಪ್ಪ-ಅಮ್ಮನಿಗೆ ವಿಮೆ ಇದೆ. ಆದರೂ ಅಪ್ಪನ ಸ್ವಂತ ಪಾಲಿಸಿಯ ಕಂತು ಕಟ್ಟುವುದನ್ನು ನಿಲ್ಲಿಸಿಲ್ಲ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹುಡುಗ ಹುಡುಗಿಯರು ಇಂಟರ್‌ವ್ಯೂಗೆ ತಯಾರಾಗುತ್ತಿದ್ದರೆ ಮೆಸೇಜ್ ಮಾಡಿ. ಭಾನುವಾರ ಸಂಜೆ ಕೂರೋಣ, ಕನ್ನಡದಲ್ಲೇ. ನನ್ನ ಆನ್‌ಕಾಲ್ ವಾರ ಮಾತ್ರ ಬಿಟ್ಟು.