ಗಾಜಿನಂಗಡಿಯಿಂದ ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ದಾವಣಗೆರೆಯಿಂದ ನಮಸ್ಕಾರಗಳು.

ನನ್ನದು ಪಿ.ಬಿ. ರಸ್ತೆಯ ಕಡೆ ಗಾಜು-ಪ್ಲೈವುಡ್ ಅಂಗಡಿ. ಊರಲ್ಲಿ ಎಲ್ಲೇ ಗಲಾಟೆಯಾಗಲಿ, ಮೊದಲ ಫೋನು ಪೊಲೀಸರಿಗೆ ಹೋದರೆ ಎರಡನೆಯದು ನನಗೆ ಬರುತ್ತದೆ. ಒಡೆದ ಗಾಜಿನಲ್ಲೇ ನಾಲ್ಕು ಕಾಸು ನೋಡುವವನು ಒಡೆಯುವವರ ಬಗ್ಗೆ ಬರೆಯುತ್ತಿದ್ದಾನಲ್ಲ ಎಂದು ನಗಬೇಡಿ. ನಷ್ಟ ಎಷ್ಟೆಂದು ಅಡಿ ಲೆಕ್ಕದಲ್ಲಿ ಅಳೆಯುವವನು ನಾನೇ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ವರ್ಷಾ ವರ್ಷ 'ಈ ಸಲ ಕಪ್ ನಮ್ದೇ' ಅಂತ ಹೇಳಿ ನಗೆಪಾಟಲಾದವರಲ್ಲಿ ನಾನೂ ಒಬ್ಬ. ಕೊನೆಯ ಓವರಿನಲ್ಲಿ ನನ್ನ ಕಣ್ಣೂ ತುಂಬಿತ್ತು, ಸುಳ್ಳು ಹೇಳುವುದಿಲ್ಲ.

ಬೆಳಿಗ್ಗೆ ಪರಿಚಯದ ಬೇಕರಿಯವರ ಫೋನು. ಹೋಗಿ ನೋಡಿದರೆ ಮುಂದಿನ ಹತ್ತು ಎಂಎಂ ಟಫನ್ಡ್ ಗಾಜು ಪೂರ್ತಿ ಉದುರಿತ್ತು. ಈ ಗಾಜು ಬಿರುಕು ಬಿಟ್ಟು ನಿಲ್ಲುವ ಜಾತಿಯದಲ್ಲ, ಒಂದು ಏಟಿಗೆ ಕಲ್ಲುಸಕ್ಕರೆ ಹರಳಿನ ಹಾಗೆ ಪುಡಿಯಾಗುತ್ತದೆ. ಬೇಕರಿಯವರು ದಿಲ್‌ಪಸಂದ್ ಟ್ರೇ ಹಿಡಿದುಕೊಂಡು, ಮೇಲಿನ ಹರಳುಗಳಲ್ಲಿ ಸಕ್ಕರೆ ಯಾವುದು ಗಾಜು ಯಾವುದು ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಟ್ರೇ ಸಮೇತ ಕಸದ ಬುಟ್ಟಿಗೆ ಸುರಿದರು. ಯಾರಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಕುಣಿಯುತ್ತಿದ್ದ ಗುಂಪಿನಿಂದ ಒಂದು ಬಾಟಲಿ ಹಾರಿ ಬಂತು, ಅಷ್ಟೇ.

ನನ್ನ ಅಂಗಡಿ ಹುಡುಗನೂ ರಾತ್ರಿ ಅದೇ ಸರ್ಕಲ್ಲಿನಲ್ಲಿ ಇದ್ದವನು. ಕಿವಿಯ ಹಿಂದೆ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. 'ಏನೋ ಇದು?' ಎಂದರೆ, 'ಗೆದ್ದೀವಲ್ಲಣ್ಣ, ಒಂದಿನ ಹಂಗಾಗತೈತಿ ಬಿಡ್ರಿ' ಎಂದ.

ಗೆದ್ದೀವಿ ಅಂದನಲ್ಲ, ನಾನು ಆ ಮಾತಿನಲ್ಲೇ ಸಿಕ್ಕಿಕೊಂಡೆ. ಇವನು ಹತ್ತನೇ ಕ್ಲಾಸು ಬಿಟ್ಟ ಮೇಲೆ ಬ್ಯಾಟು ಮುಟ್ಟಿಲ್ಲ. ಯಾರು ಗೆದ್ದದ್ದು? ನಮ್ಮೂರಿನ ವಿನಯ್ ಕುಮಾರ್ ನಾಯಕನಾಗಿ ಕರ್ನಾಟಕಕ್ಕೆ 2013-14ರಲ್ಲಿ, ಮತ್ತೆ 2014-15ರಲ್ಲಿ ರಣಜಿ ಟ್ರೋಫಿ ತಂದುಕೊಟ್ಟರು. ಆಗ ನಮ್ಮ ಅಂಗಡಿ ಸಾಲಿನಲ್ಲಿ ಒಂದು ಸರ ಪಟಾಕಿಯೂ ಹಾರಿದ್ದು ನನಗೆ ನೆನಪಿಲ್ಲ. ಅದೇ 2025ರ ಜನವರಿಯಲ್ಲಿ ಭಾರತ ಮೊದಲ ಖೋ ಖೋ ವಿಶ್ವಕಪ್ ಗೆದ್ದಿತು, ಗಂಡಸರೂ ಹೆಂಗಸರೂ. ತಂಡದಲ್ಲಿದ್ದ ನಮ್ಮ ರಾಜ್ಯದ ಗೌತಮ್ ಮತ್ತು ಚೈತ್ರಾಗೆ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಕೊಟ್ಟಿದ್ದನ್ನು ನೋಡಿದ ಇವರು ಆ ಹಣ ಬೇಡವೆಂದರು. ಐಪಿಎಲ್ ಗೆದ್ದ ತಂಡಕ್ಕೆ ಮಾತ್ರ ಮಾರನೇ ದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ. ಯಾವ ಗೆಲುವಿಗೆ ಬೆಲೆ ಎಂಬುದನ್ನು ಹುಡುಗರು ಮೊಬೈಲಿನಿಂದಷ್ಟೇ ಕಲಿತದ್ದಲ್ಲ ಸ್ವಾಮಿ, ಆ ಮೆಟ್ಟಿಲು ನೋಡಿಯೂ ಕಲಿತರು.

ಅದೇ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಮುಂದೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರನ್ನು ಗಲಭೆಕೋರರ ಲೆಕ್ಕಕ್ಕೆ ಸೇರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ನೋಡಲು ಹೋದವರು, ವ್ಯವಸ್ಥೆ ಇಲ್ಲದೆ ಸತ್ತವರು. ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ 1989ರಲ್ಲಿ ನೂಕುನುಗ್ಗಲಿಗೆ 97 ಜನ ಬಲಿಯಾದಾಗಲೂ ಮೊದಲು ತಪ್ಪು ಹೊರಿಸಿದ್ದು ಅಭಿಮಾನಿಗಳ ಮೇಲೆಯೇ. ಅವರದು ತಪ್ಪಲ್ಲ ಎಂಬ ತೀರ್ಪು ಬಂದದ್ದು 2016ರಲ್ಲಿ. ಬೆಂಗಳೂರಿನ ಆ ಗೇಟನ್ನೂ ನಮ್ಮ ಬೇಕರಿಯ ಗಾಜನ್ನೂ ಒಂದೇ ಗಾಡಿಗೆ ಕಟ್ಟಬೇಡಿ.

ಗಾಜಿನ ವಿಷಯಕ್ಕೇ ಬರುತ್ತೇನೆ. ಸೋತ ಸಿಟ್ಟಿಗೆ ಒಡೆಯುತ್ತಾರೆ ಎಂದು ನಾನೂ ನಂಬಿದ್ದೆ. 1996ರ ಮಾರ್ಚ್ 13ರಂದು ಕಲ್ಕತ್ತೆಯಲ್ಲಿ ಶ್ರೀಲಂಕಾ ವಿರುದ್ಧದ ವಿಶ್ವಕಪ್ ಸೆಮಿಫೈನಲ್ ಪಕ್ಕದ ಮನೆ ಟಿವಿಯಲ್ಲಿ ನೋಡಿದ್ದೆ. ಭಾರತ 8 ವಿಕೆಟ್‌ಗೆ 120, ಮೈದಾನಕ್ಕೆ ಬಾಟಲಿ, ಗ್ಯಾಲರಿಯಲ್ಲಿ ಬೆಂಕಿ, ಅಳುತ್ತಾ ಹೊರಬಂದ ಕಾಂಬ್ಳಿ. ಆದರೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ 1984ರಲ್ಲಿ ಬೇಸ್‌ಬಾಲ್ ಕಪ್ ಗೆದ್ದ ರಾತ್ರಿಯೇ ಕಾರು ಸುಟ್ಟರು. ಅಂದರೆ ಸೋಲು ಗೆಲುವು ಎರಡೂ ನೆಪ. ಗುಂಪಿನಲ್ಲಿ ನಿಂತ ಹುಡುಗನಿಗೆ ನಾನೂ ಏನೋ ಆಗಿದ್ದೇನೆ ಎಂಬ ಭ್ರಮೆ ಒಂದು ರಾತ್ರಿಗೆ ಸಿಗುತ್ತದೆ, ವರ್ಷದ ಉಳಿದ ದಿನ ಅವನನ್ನು ಯಾರೂ ಮಾತಾಡಿಸುವುದಿಲ್ಲ.

ದುಗ್ಗಮ್ಮನ ಜಾತ್ರೆಯ ಬಯಲು ಜಂಗೀ ಕುಸ್ತಿಗೆ ಒಮ್ಮೆ ಬನ್ನಿ, ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲೂ ಸಾವಿರಾರು ಜನ, ಅಲ್ಲೂ ಕೇಕೆ, ಹಲಗೆ ಬಡಿತ. ಜೋಡಿ ಸರಿಯಿಲ್ಲವೆಂದು ಜನ ಕಣಕ್ಕೆ ನುಗ್ಗಿದ್ದನ್ನೂ ಕಂಡಿದ್ದೇನೆ, ಹಾಗಾಗಿ ಹಿಂದಿನದೆಲ್ಲ ಬಂಗಾರ ಎನ್ನುವವನಲ್ಲ ನಾನು. ಆದರೆ ಕಣದ ಸುತ್ತ ಕೂತವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು. ಚಿತ್ ಆದವನ ಬೆನ್ನಿನ ಮಣ್ಣನ್ನು ಗೆದ್ದವನು ಅಂಗೈಯಿಂದ ಒರೆಸಿದರೆ ಅವರಿಗೆ ಅದರ ಅರ್ಥ ಗೊತ್ತು. ಆಡಿ ಸೋತ ಅನುಭವ ಮೈಯಲ್ಲಿದೆ. ನನ್ನ ಅಂಗಡಿ ಹುಡುಗನಿಗೆ ಆ ಅನುಭವ ಎಲ್ಲಿಂದ ಬರಬೇಕು?

ಕೆನಡಾದ ವ್ಯಾಂಕೋವರ್‌ನಲ್ಲಿ 2011ರಲ್ಲಿ ಐಸ್ ಹಾಕಿ ಫೈನಲ್ ಸೋತು ಊರನ್ನೇ ಧ್ವಂಸ ಮಾಡಿದರು. ಬೆಳಿಗ್ಗೆ ಜನ ಪೊರಕೆ ಹಿಡಿದು ಬೀದಿಗೆ ಬಂದರು. ಒಡೆದ ಕಿಟಕಿಗಳಿಗೆ ಬಡಿದ ಪ್ಲೈವುಡ್ ಹಲಗೆಗಳ ಮೇಲೆ ಕ್ಷಮೆ ಕೇಳಿ ಬರೆದರು. ಆ ಹಲಗೆಗಳು ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ವೃತ್ತಿಯಿಂದಾಗಿ ಈ ಸುದ್ದಿ ನನ್ನ ಮನಸ್ಸಿನಲ್ಲಿ ಉಳಿದಿದೆ. ನಾನು ಬೇಕರಿಗೆ ಬಡಿದ ಪ್ಲೈವುಡ್ ಮೇಲೆ ಮೂರನೇ ದಿನಕ್ಕೆ ಯಾರದೋ ಹುಟ್ಟುಹಬ್ಬದ ಪೋಸ್ಟರ್ ಅಂಟಿತ್ತು. ಠಾಣೆಗೆ ಕರೆದೊಯ್ದ ಹುಡುಗರು ಮಧ್ಯಾಹ್ನಕ್ಕೇ ಮನೆ ಸೇರಿದರಂತೆ, 'ಮೇಲಿನಿಂದ' ಫೋನು ಬಂತಂತೆ. ಯಾರ ಫೋನೆಂದು ನಾನು ವಿಚಾರಿಸಲಿಲ್ಲ. ಜೈಲಿಗೆ ಹಾಕಿ ಎಂದೂ ನಾನು ಹೇಳುವುದಿಲ್ಲ. ಗಾಜಿನ ದುಡ್ಡು ಅವರ ಕೈಯಿಂದ ಬಂದಿದ್ದರೆ ಸಾಕಿತ್ತು.

ನಿಮ್ಮನ್ನು ಕೇಳುವುದು ದೊಡ್ಡದಲ್ಲ. ಮುಂದಿನ ಫೈನಲ್ಲಿಗೆ ಸರ್ಕಲ್ಲಿನಲ್ಲಿ ಎಲ್‌ಇಡಿ ಪರದೆ, ಅದರ ಪಕ್ಕ ನಾಯಕರ ಫ್ಲೆಕ್ಸು, ಇದಕ್ಕೆ ಹಣ ಹಾಕುವವರಿಗೆ ಅದೇ ದುಡ್ಡಲ್ಲಿ ಒಂದು ಮೈದಾನಕ್ಕೆ ನಾಲ್ಕು ಫ್ಲಡ್‌ಲೈಟ್ ಹಾಕಿಸಲು ಹೇಳಿ. ಸರ್ಕಾರಿ ಶಾಲೆಗಳ ಮೈದಾನಗಳನ್ನು ಸಂಜೆ ಐದರ ಮೇಲೆ ತೆರೆದಿಡಲು ಶಿಕ್ಷಣ ಇಲಾಖೆಯವರ ಜೊತೆ ಕೂತು ಒಂದು ಆದೇಶ ಮಾಡಿಸಿ. ನಮ್ಮ ಬಡಾವಣೆಯ ಶಾಲೆಗೆ ಒಳ್ಳೆಯ ಮೈದಾನವಿದೆ. ಸಂಜೆ ಗೇಟಿಗೆ ಬೀಗ. ಹುಡುಗರು ಹಾರಿ ಬರದಂತೆ ಕಾಂಪೌಂಡ್ ಗೋಡೆಯ ತುದಿಗೆ ಸಿಮೆಂಟಿನಲ್ಲಿ ಗಾಜಿನ ಚೂರು ನೆಟ್ಟಿದ್ದಾರೆ. ಆ ಚೂರುಗಳು ನನ್ನ ಅಂಗಡಿಯಿಂದಲೇ ಹೋದದ್ದು, ಎರಡು ಚೀಲ, ಪುಕ್ಕಟೆ ಕೊಟ್ಟಿದ್ದೆ. ನಿಮ್ಮ ಆದೇಶ ಬಂದ ದಿನ ಉಳಿ ಸುತ್ತಿಗೆ ತಗೊಂಡು ಕಿತ್ತು ತೆಗೆಯಲು ನಾನೇ ಬರುತ್ತೇನೆ. ಅಂಗಡಿ ಹುಡುಗನನ್ನೂ ಕರೆತರುತ್ತೇನೆ.

ಇಂತಿ,
ದಾವಣಗೆರೆಯ ಒಬ್ಬ ಗಾಜಿನಂಗಡಿಯವ